ನಿಂತ ಮೋಟಾರನ್ನು ಎಬ್ಬಿಸುವ ಬಗೆ

(ರಜೆಯಲ್ಲಿ ಊರಿಗೆ ಹೊರಟ ಸದಸ್ಯರಿಗಾಗಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯೆಂದ ಮೇಲೆ ಸಂಬಳ, ರಜೆ, ಪ್ರಾವಿಡೆಂಟ್ ಫಂಡು ಇವುಗಳ ಮಾತು ಬರಬೇಕು. ದೋಣಿಯ ಮೋಟಾರಿಗೂ ಸಂಘಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ನಮ್ಮಲ್ಲಿ ಅನೇಕರು ಗಂಗೊಳ್ಳಿ, ಕೋಡಿಬೆಂಗ್ರೆ, ಮಲ್ಪೆ, ಹೊನ್ನಾವರದ ಕಡೆಯಿಂದ ಬಂದವರು. ಇಲ್ಲಿ ದೋಸೆಯ ಕಾವಲಿಯ ಮುಂದೆ ಬೆವರಿಳಿಸಿ ಕಳಿಸಿದ ಹಣದಿಂದ ಊರಿನ ನಾಡದೋಣಿಗೆ ಒಂದು ಚಿಕ್ಕ ಮೋಟಾರು ಕೊಂಡ ಮನೆಗಳುಂಟು. ಆಮೇಲೆ ತಮ್ಮ ದೊಡ್ಡ ಬೋಟಿಗೆ ಹೋದ, ಭಾವ ಗಲ್ಫಿಗೆ ಹೋದ, ಮೋಟಾರು ಕೊಟ್ಟಿಗೆ ಸೇರಿತು. ಎರಡು ಮೂರು ವರ್ಷ ಕಳೆದು ನಾವು ಹದಿನೈದು ದಿನದ ರಜೆಯಲ್ಲಿ ಹೋಗಿ ಹಗ್ಗ ಎಳೆಯುತ್ತೇವೆ. ಅದು ಕೆಮ್ಮುವುದೂ ಇಲ್ಲ. "ಸತ್ತುಹೋಯಿತು" ಎಂದು ಗುಜರಿಯವನಿಗೆ ತೂಕಕ್ಕೆ ಕೊಟ್ಟುಬಿಡುತ್ತೇವೆ. ಹಾಗೆ ತೂಕಕ್ಕೆ ಹೋಗುವುದು ನಮ್ಮ ಎಷ್ಟೋ ತಿಂಗಳ ಸಂಬಳ.

ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿದ್ದಾರೆ. ಓಡುವ ಯಂತ್ರ ಸವೆಯುತ್ತದೆ, ನಿಂತ ಯಂತ್ರ ಕೊಳೆಯುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವುಂಟಷ್ಟೆ. ಆ ಎರಡು ತಿಂಗಳ ವಿಶ್ರಾಂತಿಯನ್ನು ಮೋಟಾರು ತಾಳಿಕೊಳ್ಳುತ್ತದೆ. ಎರಡು ವರ್ಷ ನಿಂತರೆ ಮಾತ್ರ ಅದನ್ನು ಕ್ರಮವಾಗಿ ಎಬ್ಬಿಸಬೇಕು. ಆ ಕ್ರಮವನ್ನು ಐದು ಮಾತಿನಲ್ಲಿ ನೆನಪಿಡಿ: ಎಣ್ಣೆ, ಇಂಧನ, ಕಿಡಿ, ನೀರು, ಕೊನೆಗೆ ಹಗ್ಗ. ನಮ್ಮವರು ಹಗ್ಗದಿಂದಲೇ ಆರಂಭಿಸುತ್ತಾರೆ, ಕೆಡುವುದು ಅಲ್ಲಿಯೇ.

ಮೊದಲನೆಯದು ಎಣ್ಣೆ. ಸಿಲಿಂಡರಿನ ಒಳಗೆ ತುಕ್ಕು ಹಿಡಿದಿರಬಹುದು. ಒಣಗಿದ ಪಿಸ್ಟನನ್ನು ಒಮ್ಮೆಲೇ ಜಗ್ಗಿದರೆ ಗೋಡೆಗೆ ಗೀರು ಬೀಳುತ್ತದೆ, ರಿಂಗು ಮುರಿಯುತ್ತದೆ. ಆದಕಾರಣ ಪ್ಲಗ್ಗು ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದು ಚಮಚ ಟೂ-ಸ್ಟ್ರೋಕ್ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ಚಕ್ರವನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಸುತ್ತಿಗೆ ಹಿಡಿಯಬೇಡಿ; ಮತ್ತೆ ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ.

ಕೆಳಗಿನ ಗೇರಿನ ಪೆಟ್ಟಿಗೆಯ ಎಣ್ಣೆಯನ್ನೂ ಈಗಲೇ ನೋಡಬೇಕು. ಅಲ್ಲಿ ಮೇಲೊಂದು ಕೆಳಗೊಂದು ತಿರುಪು ಇರುತ್ತದೆ. ಇಳಿದ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಬೆಳ್ಳಗಿದ್ದರೆ ಒಳಗೆ ನೀರು ಹೊಕ್ಕಿದೆ, ಸೀಲು ಹೋಗಿದೆ ಎಂದು ಅರ್ಥ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಏರಿಸಬೇಕು. ಮೇಲಿನ ತೂತಿನಿಂದ ಹೊರಬಂದಾಗ ತುಂಬಿತು. ಮೇಲಿನಿಂದ ಸುರಿದರೆ ಒಳಗೆ ಗಾಳಿ ನಿಂತುಬಿಡುತ್ತದೆ.

ಎರಡನೆಯದು ಇಂಧನ. ಹೆಚ್ಚಿನ ಮೋಟಾರು ಇಲ್ಲಿಯೇ ಸೋಲುವುದು. ಪೆಟ್ರೋಲಿನ ಹಗುರ ಅಂಶ ಹಾರಿಹೋಗಿ ಉಳಿದದ್ದು ಅಂಟಾಗುತ್ತದೆ. ಇಂದು ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನ ವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಕಡಲ ಕಡೆಯ ತೇವವನ್ನು ಹೀರಿಕೊಳ್ಳುತ್ತದೆ, ಕೊನೆಗೆ ನೀರು ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಹಳೆಯ ಇಂಧನಕ್ಕೆ ಹೊಸದನ್ನು ಬೆರೆಸಿ ಉಳಿತಾಯ ಮಾಡುವ ಯೋಚನೆ ಬೇಡ. ಪೂರ್ತಿ ತೆಗೆಯಿರಿ. ಹೊಳೆಗೆ, ಬಾವಿಯ ಬದಿಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ಹಾಕಿ ಗ್ಯಾರೇಜಿಗೆ ಕೊಡಿ. ಟ್ಯಾಂಕು ತೊಳೆದು ಒಣಗಿಸಿ. ರಬ್ಬರಿನ ನಳಿಕೆಯನ್ನೂ ಒತ್ತುವ ಬಲ್ಬನ್ನೂ ಬಗ್ಗಿಸಿ ನೋಡಿ; ಬಿರುಕಿದ್ದರೆ ಬದಲಾಯಿಸಲೇಬೇಕು. ಫಿಲ್ಟರನ್ನು ಮರೆಯಬೇಡಿ.

ಇನ್ನು ಕಾರ್ಬೊರೇಟರು. ಪಂಪು ಒತ್ತುವ ಸೀಮೆಎಣ್ಣೆ ಸ್ಟವ್ವಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬೇಗ ತಿಳಿಸಬಹುದು. ಸ್ಟವ್ವಿನ ನಿಪ್ಪಲು ಕಟ್ಟಿದರೆ ಉರಿ ಬಾರದಷ್ಟೆ. ಕಾರ್ಬೊರೇಟರಿನ ಜೆಟ್ಟೂ ಅಂಥದೇ ಸಣ್ಣ ತೂತು. ಒಣಗಿದ ಅಂಟು ಅದನ್ನು ಮುಚ್ಚಿರುತ್ತದೆ. ಆದರೆ ಸ್ಟವ್ವಿಗೆ ಹಾಕುವ ಪಿನ್ನನ್ನು ಇಲ್ಲಿ ಹಾಕಕೂಡದು. ಜೆಟ್ಟು ಹಿತ್ತಾಳೆಯದು, ಉಕ್ಕಿನ ಪಿನ್ನು ಅದರ ತೂತನ್ನು ದೊಡ್ಡದು ಮಾಡುತ್ತದೆ, ಆಮೇಲೆ ಇಂಧನದ ಲೆಕ್ಕ ತಪ್ಪುತ್ತದೆ. ತಳದ ಬಟ್ಟಲು ಬಿಚ್ಚಿ, ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ. ತೂತಿಗೆ ಹಿಡಿದು ನೋಡಿದರೆ ಆಚೆಯ ಬೆಳಕು ಕಾಣಬೇಕು.

ಹೊಸ ಇಂಧನಕ್ಕೆ ಎಣ್ಣೆ ಬೆರೆಸುವ ಪ್ರಮಾಣವನ್ನು ಮೋಟಾರಿನ ಪುಸ್ತಕದಲ್ಲಿ ನೋಡಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು. 25ಕ್ಕೆ 1 ಎಂದಿದ್ದರೆ 40. ಸೀಮೆಎಣ್ಣೆಯ ಮೋಟಾರಾದರೆ ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ಬರಬೇಕು. ಇಲ್ಲವಾದರೆ ಮರುದಿನ ತಣ್ಣಗಿನ ಮೋಟಾರು ಏಳುವುದಿಲ್ಲ.

ಮೂರನೆಯದು ಕಿಡಿ. ಮೊದಲು ನಿಲುಗಡೆಯ ಕೆಂಪು ದಾರದ ಕ್ಲಿಪ್ಪು ತನ್ನ ಜಾಗದಲ್ಲಿದೆಯೇ ನೋಡಿ. ಅದು ಇಲ್ಲದೆ ಗಂಟೆಗಟ್ಟಲೆ ಹಗ್ಗ ಎಳೆದವರಿದ್ದಾರೆ. ಆಮೇಲೆ ಪ್ಲಗ್ಗನ್ನು ಅದರ ತಂತಿಗೆ ಸಿಕ್ಕಿಸಿ, ಲೋಹದ ಭಾಗ ಇಂಜಿನಿನ ಮೈಗೆ ತಾಗುವಂತೆ ಇಟ್ಟು ಹಗ್ಗ ಎಳೆದರೆ ನೀಲಿ ಕಿಡಿ ಹಾರಬೇಕು. ಹತ್ತಿರ ಪೆಟ್ರೋಲಿನ ಡಬ್ಬಿಯಾಗಲಿ, ಚೆಲ್ಲಿದ ಪೆಟ್ರೋಲಾಗಲಿ ಇರಕೂಡದು. ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ಗು ಹಾಕಿ ನೋಡಿ. ಉಪ್ಪು ತಿಂದ ತಂತಿಯ ಕೂಡುಗಳನ್ನು ಉಜ್ಜಿ ನೋಡಿ. ಆಮೇಲೆಯೇ ಮೆಕ್ಯಾನಿಕ್ಕನ್ನು ಕರೆಯಿರಿ.

ನಾಲ್ಕನೆಯದು ನೀರು. ಮೋಟಾರನ್ನು ತಣ್ಣಗಿಡುವುದು ಹೊಳೆಯ ನೀರೇ. ಅದನ್ನು ಮೇಲಕ್ಕೆ ತಳ್ಳುವುದು ಕೆಳಗಿರುವ ಒಂದು ರಬ್ಬರಿನ ಚಕ್ರ, ಅಂದರೆ ಇಂಪೆಲ್ಲರು. ಹಲವು ವರ್ಷ ಒಂದೇ ಕಡೆ ನಿಂತರೆ ಅದರ ಎಲೆಗಳು ಬಾಗಿದಂತೆಯೇ ಗಟ್ಟಿಯಾಗುತ್ತವೆ. ಇಡೀ ಮೋಟಾರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ, ಹೊಸದನ್ನೇ ಹಾಕಿ. ಪಕ್ಕದಿಂದ ನೀರು ಚಿಮ್ಮುವ ಸಣ್ಣ ತೂತಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುವುದುಂಟು, ಅದನ್ನೂ ತೆಗೆಯಿರಿ. ಫ್ಯಾನಿನ ಬುಡದಲ್ಲಿ ಹಳೆಯ ಬಲೆಯ ನೂಲು ಸುತ್ತಿದ್ದರೆ ಬಿಡಿಸಿ. ನೀರಿಲ್ಲದೆ ಮೋಟಾರನ್ನು ಒಂದು ಗಳಿಗೆಯೂ ಓಡಿಸಬೇಡಿ, ರಬ್ಬರು ಸುಟ್ಟುಹೋಗುತ್ತದೆ.

ಈಗ ಹಗ್ಗ. ಮೋಟಾರನ್ನು ಗಟ್ಟಿ ಮರದ ಹಲಗೆಗೆ ಬಿಗಿದು, ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿಡಿ. ನೀರು ಹೀರುವ ಬಾಯಿ ಚೆನ್ನಾಗಿ ಮುಳುಗಿರಬೇಕು. ಬಯಲಿನಲ್ಲಿ ಮಾಡಿ, ಮುಚ್ಚಿದ ಕೊಟ್ಟಿಗೆಯ ಹೊಗೆ ಪ್ರಾಣ ತೆಗೆಯುತ್ತದೆ. ಗೇರು ನ್ಯೂಟ್ರಲಿನಲ್ಲಿರಲಿ, ಮಕ್ಕಳು ದೂರವಿರಲಿ. ಚೋಕ್ ಎಳೆದು, ಹಗ್ಗ ಬಿಗಿಯಾಗುವ ತನಕ ಮೆಲ್ಲಗೆ ತಂದು, ಆಮೇಲೆ ಜೋರಾಗಿ ಎಳೆಯಿರಿ. ಎದ್ದ ಕೂಡಲೇ ಬಿಳಿ ಹೊಗೆ ಬಂದರೆ ಗಾಬರಿ ಬೇಡ, ಅದು ನಾವು ಹಾಕಿದ ಎಣ್ಣೆ. ತಕ್ಷಣ ನೀರಿನ ಚಿಲುಮೆಯನ್ನು ನೋಡಿ, ಬಾರದಿದ್ದರೆ ನಿಲ್ಲಿಸಿ. ಎದ್ದು ಎದ್ದು ಸತ್ತರೆ ಕಾರ್ಬೊರೇಟರಿಗೆ ಹಿಂತಿರುಗಿ. ಪ್ಲಗ್ಗು ಒದ್ದೆಯಾಗಿದ್ದರೆ ಇಂಧನ ಹೆಚ್ಚಾಗಿದೆ. ಒರೆಸಿ, ಚೋಕ್ ಇಲ್ಲದೆ ಎಳೆಯಿರಿ.

ಬಂಧುಗಳೇ, ಡ್ರಮ್ಮಿನಲ್ಲಿ ಎದ್ದ ಮೋಟಾರನ್ನು ಅದೇ ಸಂಜೆ ಅಳಿವೆ ಬಾಯಿಗೆ ಒಯ್ಯಬೇಡಿ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಜಾಗ ನೋಡಿದವರಿಗೆ ಗೊತ್ತು: ಇಳಿತದ ನೀರು ಹೊರಗೆ ಎಳೆಯುತ್ತದೆ, ತೆರೆ ಒಳಗೆ ಹೊಡೆಯುತ್ತದೆ. ಅಲ್ಲಿ ಮೋಟಾರು ಸತ್ತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನದು ಹೇಳಬೇಕಾಗಿಲ್ಲ. ಮೊದಲ ಎರಡು ಮೂರು ದಿನ ಒಳಹೊಳೆಯಲ್ಲೇ, ದಡದ ಹತ್ತಿರವೇ ಓಡಿಸಿ. ಜೊತೆಗೆ ಇನ್ನೊಬ್ಬರಿರಲಿ. ಹುಟ್ಟು, ಲಂಗರು, ಹಗ್ಗ, ಲೈಫ್ ಜಾಕೆಟ್ ಇರಲಿ. ಕೆಂಪು ದಾರ ನಿಮ್ಮ ಕೈಗೆ ಕಟ್ಟಿರಲಿ. ನೀವು ನೀರಿಗೆ ಬಿದ್ದರೆ ಮೋಟಾರು ನಿಲ್ಲಬೇಕು.

ರಜೆ ಮುಗಿಸಿ ಬರುವ ಮುಂಚೆ ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆಯಿರಿ. ಇಂಧನದ ನಳಿಕೆ ತೆಗೆದು ತಾನಾಗಿ ನಿಲ್ಲುವ ತನಕ ಓಡಿಸಿ, ಟ್ಯಾಂಕು ಬರಿದು ಮಾಡಿ, ಸಿಲಿಂಡರಿಗೆ ಎಣ್ಣೆ ಹಾಕಿ, ನೆಟ್ಟಗೆ ನಿಲ್ಲಿಸಿ ಬನ್ನಿ. ಅರ್ಧ ದಿನದ ಈ ಕೆಲಸ ಮುಂದಿನ ರಜೆಯ ಒಂದು ವಾರವನ್ನು ಉಳಿಸುತ್ತದೆ.

ಕೊನೆಯದಾಗಿ ಒಂದು ಸೂಚನೆ. ನಮ್ಮ ರಜೆ ಚಿಕ್ಕದು. ಹೊರಡುವ ಮುಂಚೆಯೇ ಮೋಟಾರಿನ ಬಿಲ್ಲೆಯಲ್ಲಿರುವ ಮಾಡೆಲ್ ನಂಬರಿನ ಫೋಟೋವನ್ನು ಮನೆಯವರಿಂದ ತರಿಸಿಕೊಂಡು, ಪ್ಲಗ್ಗು, ಇಂಪೆಲ್ಲರು, ಫಿಲ್ಟರು ಕೊಂಡು ಚೀಲದಲ್ಲಿಡಿ. ಒಂದೇ ಊರಿನವರು ಸೇರಿ ಸ್ಪ್ಯಾನರುಗಳನ್ನು ಹಂಚಿಕೊಳ್ಳಿ. ಗಿರಣಿಯಲ್ಲಿ ಫಿಟ್ಟರಾಗಿದ್ದ ಹಿರಿಯರು ಊರಲ್ಲಿದ್ದರೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಕಿವಿಗೆ ತಿಳಿಯುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಏಳದಿದ್ದರೆ ಆಗ ಗುಜರಿಯವನ ಮಾತು ಬರಲಿ, ಅದಕ್ಕೆ ಮುಂಚೆ ಬೇಡ.