ದತ್ತಿಯ ಕಲ್ಲು, ಮಾರಾಟದ ಫಲಕ

ದತ್ತಿಗೂ ಹೆಸರಿಗೂ ನಮ್ಮಲ್ಲಿ ಹಳೆಯ ನಂಟು. ದಾನಶಾಸನದ ಕಲ್ಲಿನಲ್ಲಿ ಕೊಟ್ಟವರು ಯಾರು, ಕೊಟ್ಟ ಭೂಮಿಯ ಎಲ್ಲೆ ಯಾವುದು, ಅದರ ಹುಟ್ಟುವಳಿ ಯಾವ ಕೆಲಸಕ್ಕೆ ಸಲ್ಲಬೇಕು ಎಂಬುದನ್ನು ಕೊರೆದಿಡುತ್ತಿದ್ದರು. ಈ ಉಪನ್ಯಾಸವೂ ಒಂದು ದತ್ತಿಯಿಂದಲೇ ನಡೆಯುತ್ತಿರುವಾಗ, ದಾನಿಯ ಹೆಸರು ಎಲ್ಲಿಯೂ ಕಾಣಬಾರದೆಂದು ವಾದಿಸುವುದು ಸರಿಯಾಗದು. ನನ್ನ ಪ್ರಶ್ನೆ ಇಷ್ಟೇ: ನಗರದ ನಟ್ಟನಡುವೆ, ಸಾರ್ವಜನಿಕ ನೆಲದಲ್ಲಿ ಎದ್ದ ಹೊಸ ಉದ್ಯಾನದ ಹೆಸರನ್ನೇ ಕಂಪನಿಯೊಂದು ಕೊಂಡುಕೊಳ್ಳಬಹುದೇ? ಕೂಡದು ಎಂದೇ ನನ್ನ ನಿಲುವು. ಕೊಡುಗೆಯನ್ನು ಕಲ್ಲಿನಲ್ಲಿ ನೆನೆಯೋಣ. ಊರು ಕರೆಯುವ ಹೆಸರನ್ನು ಮಾತ್ರ ಮಾರುವುದು ಬೇಡ.

ಈ ಮಾತಿಗೆ ಷಿಕಾಗೋದ ಮಿಲೆನಿಯಂ ಪಾರ್ಕಿಗಿಂತ ಒಳ್ಳೆಯ ಪರೀಕ್ಷೆ ಸಿಗಲಾರದು. ರೈಲುಹಳಿಗಳ, ಕಾರು ನಿಲ್ದಾಣದ ನೆತ್ತಿಯ ಮೇಲೆ ಹಬ್ಬಿದ ಈ 24.5 ಎಕರೆಯ ಉದ್ಯಾನ 2000ದಲ್ಲೇ ಮುಗಿಯಬೇಕಿತ್ತು. ತೆರೆದದ್ದು 2004ರ ಜುಲೈನಲ್ಲಿ. 15 ಕೋಟಿ ಡಾಲರಿನ ಅಂದಾಜು ಸುಮಾರು 49 ಕೋಟಿಗೆ ಏರಿತು, ಅದರಲ್ಲಿ 22 ಕೋಟಿಯಷ್ಟು ಖಾಸಗಿ ಕೊಡುಗೆ. ಕಂಪನಿಗಳನ್ನು ದೂರವಿಟ್ಟರೆ ಉದ್ಯಾನವೇ ಹುಟ್ಟದು ಎನ್ನುವವರ ಬಲವಾದ ಸಾಕ್ಷಿ ಇದು. ಆದರೆ ಅಷ್ಟು ಹಣ ಕೊಟ್ಟ ಯಾರ ಹೆಸರೂ ಇಡೀ ಉದ್ಯಾನಕ್ಕೆ ಅಂಟಲಿಲ್ಲ. ಸೇತುವೆ, ಅಂಗಳ, ಕಾಲುದಾರಿ ಎಂದು ಬಿಡಿಭಾಗಗಳಿಗೆ ಹೆಸರು ಹಂಚಿದರು. ಆ ಬಿಡಿಭಾಗಗಳ ಗತಿಯಾದರೂ ಏನಾಯಿತು? ಒಂದೇ ಅಂಗಳಕ್ಕೆ ಅಮೆರಿಟೆಕ್, ಎಸ್‌ಬಿಸಿ, ಎಟಿ ಅಂಡ್ ಟಿ, ಗ್ರೇಂಜರ್ ಎಂದು ಕಂಪನಿಗಳ ನಾಲ್ಕು ಹೆಸರು ಬಂದವು. ಬ್ಯಾಂಕ್ ವನ್ ಕಾಲುದಾರಿ ಚೇಸ್ ಕಾಲುದಾರಿಯಾಯಿತು. ಅಮೆರಿಟೆಕ್ ಎಸ್‌ಬಿಸಿಯ ಪಾಲಾದಾಗ, ಎಸ್‌ಬಿಸಿ ತಾನು ಕೊಂಡ ಎಟಿ ಅಂಡ್ ಟಿಯ ಹೆಸರನ್ನೇ ಹೊದ್ದಾಗ ಅಂಗಳದ ಹೆಸರೂ ಬದಲಾಗಬೇಕಾಯಿತು. 50 ಲಕ್ಷ ಡಾಲರು ಕೊಟ್ಟ ತೈಲ ಕಂಪನಿ ಬಿಪಿಯ ಹೆಸರು ಫ್ರಾಂಕ್ ಗೆಹ್ರಿ ರೂಪಿಸಿದ ಸೊಗಸಾದ ಸೇತುವೆಗೆ ಬಂತು. 2010ರಲ್ಲಿ ಅದೇ ಕಂಪನಿಯ ತೈಲಬಾವಿಯ ಅವಘಡದಲ್ಲಿ 11 ಕಾರ್ಮಿಕರು ಸತ್ತು, ಮೆಕ್ಸಿಕೊ ಕೊಲ್ಲಿಯ ತುಂಬ ಎಣ್ಣೆ ಹರಡಿತು. ಆ ದುರಂತದೊಂದಿಗೆ ಷಿಕಾಗೋದ ಸೇತುವೆಗೆ ಯಾವ ಸಂಬಂಧವೂ ಇರಲಿಲ್ಲ, ಹೆಸರಿನ ಹೊರತು.

ಜನ ಇಂಥ ಹೆಸರುಗಳನ್ನು ಲೆಕ್ಕಕ್ಕೇ ಇಡುವುದಿಲ್ಲ, ಹಣ ಬಂದರೆ ಸಾಕಲ್ಲ ಎಂಬ ಆಕ್ಷೇಪಣೆಯೂ ಇದೆ. ಅರ್ಧ ನಿಜ. ನಾಲ್ಕು ಹೆಸರು ಕಂಡ ಆ ಅಂಗಳದಲ್ಲೇ ಮುಂಬೈಯಲ್ಲಿ ಹುಟ್ಟಿದ ಅನಿಶ್ ಕಪೂರರ 'ಕ್ಲೌಡ್ ಗೇಟ್' ಇದೆ. ಕಲಾವಿದ ಇಟ್ಟ ಹೆಸರನ್ನೂ ಬದಿಗಿಟ್ಟು ಊರು ಅದನ್ನು 'ಬೀನ್', ಅಂದರೆ ಅವರೆಕಾಳು ಎಂದೇ ಕರೆಯುತ್ತದೆ. ಆದರೆ ಆಡುಮಾತಿನಾಚೆ ನಕ್ಷೆ, ಆಮಂತ್ರಣ, ಬಸ್ಸಿನ ಫಲಕಗಳಿವೆ. ಕಂಪನಿ ಹಣ ಸುರಿಯುವುದು ಅಲ್ಲಿ ಜಾಗ ಹಿಡಿಯಲೆಂದೇ. ಸಾರ್ವಜನಿಕ ಜಾಗಕ್ಕೆ ಬೆಲೆ ಕಟ್ಟುವ ರೂಢಿ ಹೆಸರಿಗಷ್ಟೇ ನಿಲ್ಲುವುದೂ ಇಲ್ಲ. 2005ರ ಸೆಪ್ಟೆಂಬರಿನ ಒಂದು ದಿನ ಟೊಯೊಟಾ 8 ಲಕ್ಷ ಡಾಲರು ತೆತ್ತು ಈ ಉದ್ಯಾನದ ಬಹುಭಾಗವನ್ನು ಬಾಡಿಗೆಗೆ ಹಿಡಿಯಿತು. ದಿನವೂ ಅಲ್ಲಿ ಹಾದುಹೋಗುತ್ತಿದ್ದವರು ಸುತ್ತುಬಳಸಿ ನಡೆಯಬೇಕಾಯಿತು.

ಗಟ್ಟಿಯಾದ ಆಕ್ಷೇಪಣೆ ನಿರ್ವಹಣೆಯದು. ಕಟ್ಟುವ ದಿನದ ಉತ್ಸಾಹ ಹುಲ್ಲು ಕತ್ತರಿಸುವ ದಿನ ಇರುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ಬಸ್ ನಿಲ್ದಾಣದ ತಾರಸಿಯ 5.4 ಎಕರೆ ಉದ್ಯಾನ ಸೇಲ್ಸ್‌ಫೋರ್ಸ್ ಪಾರ್ಕ್ ಆದದ್ದು ಈ ತರ್ಕದಿಂದಲೇ: ನಿಲ್ದಾಣವೂ ಸೇರಿ 25 ವರ್ಷದ ಹೆಸರಿಗೆ ಸೇಲ್ಸ್‌ಫೋರ್ಸ್ ಕಂಪನಿಯಿಂದ 11 ಕೋಟಿ ಡಾಲರು. 2018ರ ಆಗಸ್ಟಿನಲ್ಲಿ ತೆರೆದು, ಆರೇ ವಾರದಲ್ಲಿ ಉಕ್ಕಿನ ತೊಲೆಗಳು ಬಿರುಕು ಬಿಟ್ಟು ಮುಚ್ಚಿತು. ತೊಲೆಗೂ ಕಂಪನಿಗೂ ಸಂಬಂಧವಿರದಿದ್ದರೂ ಸುದ್ದಿಯಲ್ಲಿ ಓಡಾಡಿದ್ದು ಅದರ ಹೆಸರೇ. ಕೊಳ್ಳುವವರಿಗೂ ಇದು ಲಾಭದ ವ್ಯಾಪಾರವೆಂದು ಹೇಳಲಾಗದು. 25 ವರ್ಷ ಮುಗಿದ ಮೇಲೆ ಹೆಸರು ಮತ್ತೆ ಸಂತೆಗೆ ಬರುತ್ತದೆ. ಇದರ ಪಕ್ಕದಲ್ಲಿ ಮಿಲೆನಿಯಂ ಪಾರ್ಕಿನೊಳಗಿನ ಲೂರಿ ಗಾರ್ಡನ್ ಇಟ್ಟು ನೋಡಬೇಕು. ಅಲ್ಲಿಯೂ ಕೊಟ್ಟವರ ಹೆಸರಿದೆ. ಆದರೆ ಅವರ 1 ಕೋಟಿ ಡಾಲರು ಆ ತೋಟದ ಆರೈಕೆಗೆಂದೇ ಮೀಸಲಿಟ್ಟ ಮೂಲಧನ. ಹುಟ್ಟುವಳಿ ಎಲ್ಲಿಗೆ ಸಲ್ಲಬೇಕೆಂದು ಬರೆದಿಟ್ಟದ್ದು ದತ್ತಿ. ಇಂತಿಷ್ಟು ವರ್ಷ ಫಲಕ ನಿಲ್ಲಬೇಕೆಂದು ಬರೆಸಿಕೊಂಡದ್ದು ಜಾಹೀರಾತು.

ಬೆಂಗಳೂರಿಗೆ ಈ ಪ್ರಶ್ನೆ ಸದ್ಯ ಮೆಟ್ರೋ ಹಳಿಯ ಮೇಲೆ ಬಂದಿದೆ. 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗದಲ್ಲಿ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ ಎಂಬ ಜೋಡು ಹೆಸರಿನ ನಿಲ್ದಾಣಗಳಿವೆ. ಪ್ರಾಯೋಜಕರು ಮುಂದೆ, ಊರು ಹಿಂದೆ. ನಾಳೆ ಯಾವುದಾದರೂ ಉದ್ಯಾನಕ್ಕೆ ಇಂಥದೇ ಒಪ್ಪಂದ ಬಂದರೆ ಅದರ ಪ್ರತಿಯನ್ನು ಸಹಿಗೆ ಮೊದಲೇ ಜನರ ಮುಂದಿಡಬೇಕು, ಹಣ ಆರೈಕೆಯ ಮೂಲಧನವಾಗಿ ಬರಬೇಕು, ಕೊಟ್ಟವರ ಹೆಸರು ಒಳಗಿನ ಒಂದು ಭಾಗಕ್ಕೆ ಮಾತ್ರ ಸಲ್ಲಬೇಕು. ಹೆಬ್ಬಾಗಿಲ ಮೇಲೆ ಊರಿನ ಹೆಸರೊಂದೇ ಇರಲಿ.