ಮೊಲದ ಕೂದಲೂ ಮೊಲದ ಹೊಟ್ಟೆಯೂ

(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಮ್ಮ ಮಕ್ಕಳಲ್ಲಿ ಕೆಲವರು ಮನೆಯಲ್ಲಿ ಬಿಳಿಯ ಮೊಲಗಳನ್ನು ಸಾಕಿದ್ದಾರೆ, ಸಂತೋಷದ ವಿಷಯ. ಆದರೆ “ನಿನ್ನೆ ಚೆನ್ನಾಗಿಯೇ ಇತ್ತು ಗುರುಗಳೆ, ಬೆಳಿಗ್ಗೆ ಸತ್ತಿತ್ತು” ಎಂಬ ಮಾತನ್ನೂ ನಾವು ಮೇಲಿಂದ ಮೇಲೆ ಕೇಳುತ್ತೇವೆ. ಎಂಟು ಹತ್ತು ವರ್ಷ ಬದುಕಬಲ್ಲ ಪ್ರಾಣಿಯು ಹೀಗೇಕೆ ಸಾಯಬೇಕು?

ಮೊದಲಿಗೆ ಒಂದು ಮಾತು. ಸುಗ್ಗಿಯಲ್ಲಿ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರಕೂಡದು. ಅದರ ಜಾತಿಯೇ ಬೇರೆ. ಸಾಕುಮೊಲದ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿ ಹುಟ್ಟುತ್ತದೆ. ಕಾಡುಮೊಲದ್ದು ಮೈತುಂಬ ಕೂದಲೊಡನೆ ಕಣ್ತೆರೆದೇ ಹುಟ್ಟುತ್ತದೆ. ಒಂಟಿಯಾಗಿ ಕಂಡರೂ ಅದು ಅನಾಥವಲ್ಲ. ಕತ್ತಲಾದ ಮೇಲೆ ತಾಯಿ ಹಾಲೂಡಲು ಬರುತ್ತದೆ. ಅಲ್ಲದೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದು ಅಪರಾಧ.

ಇನ್ನು ಸಾಕುಮೊಲದ ವಿಚಾರ. ಅದು ಬೆಕ್ಕಿನಂತೆ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತದೆ. ಉದುರಿದ ಕೂದಲು ಹೊಟ್ಟೆ ಸೇರುತ್ತದೆ. ಬೆಕ್ಕು ಅದನ್ನು ಕಾರಿಕೊಳ್ಳಬಲ್ಲದು. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಒಳಹೋದದ್ದೆಲ್ಲ ಕರುಳಿನ ದಾರಿಯಿಂದಲೇ ಹೊರಬೀಳಬೇಕು. ಕೂದಲೇ ಮೊಲವನ್ನು ಕೊಲ್ಲುತ್ತದೆಂದು ಹಿಂದೆ ತಿಳಿದಿದ್ದರು. ಆದರೆ ಆರೋಗ್ಯವಂತ ಮೊಲದ ಜಠರದಲ್ಲಿಯೂ ಕೂದಲಿರುತ್ತದೆ. ಆಹಾರದಲ್ಲಿ ನಾರು ಸಾಲದೆ, ನೀರು ಸಾಲದೆ, ಅಥವಾ ಅಂಜಿಕೆ, ನೋವುಗಳಿಂದ ಕರುಳಿನ ಚಲನೆ ಕುಂದಿದಾಗ ಅದು ಗಟ್ಟಿಕಟ್ಟುತ್ತದೆ.

ಆದ್ದರಿಂದ ಹಗಲಿರುಳೂ ಅದರ ಮುಂದೆ ಒಣಹುಲ್ಲು ಇರಬೇಕು. ಹುಲ್ಲೇ ಅದರ ಊಟ, ಉಳಿದದ್ದು ಉಪ್ಪಿನಕಾಯಿ. ಜೀವಮಾನವಿಡೀ ಬೆಳೆಯುವ ಹಲ್ಲುಗಳೂ ಹುಲ್ಲು ಅಗಿದೇ ಸವೆಯಬೇಕು. ಕರಿಕೆ, ಕೊತ್ತಂಬರಿ ಸೊಪ್ಪುಗಳನ್ನು ತೊಳೆದು ಕೊಡಬಹುದು. ಬೂಷ್ಟು ಹಿಡಿದ ಮೇವು ಬೇಡ. ಎಳೆಯ ಹಸಿ ಜೋಳದ ಪೈರು ವಿಷವೆಂಬುದನ್ನು ದನ ಕಟ್ಟಿದ ಜತ್ತ ತಾಲೂಕಿನ ರೈತರಿಗೆ ನಾವು ಹೇಳಬೇಕಾಗಿಲ್ಲ. ನಮ್ಮಲ್ಲಿ ದ್ರಾಕ್ಷಿ ದಾಳಿಂಬೆಗಳಿಗೆ ಬರವಿಲ್ಲ. ಆದರೆ ಸಿಹಿ ಹೆಚ್ಚಾದರೆ ಮೊಲದ ಹೊಟ್ಟೆ ಕೆಡುತ್ತದೆ. ಅಜ್ಜಿಯಂದಿರ ಪ್ರೀತಿಯ ಬಿಸ್ಕೀಟುಗಳನ್ನು ಮೊಮ್ಮಕ್ಕಳೇ ತಿನ್ನಲಿ!

ವಾರಕ್ಕೆ ಒಂದೆರಡು ಸಲ, ಕೂದಲು ಉದುರುವ ಕಾಲದಲ್ಲಿ ದಿನವೂ, ಮೃದುವಾದ ಕುಂಚದಿಂದ ಬಾಚಬೇಕು. ಚರ್ಮವು ತೀರ ತೆಳುವಾದುದರಿಂದ ಗಂಟುಗಳನ್ನು ಎಳೆಯಬಾರದು. ಸ್ನಾನ ಮಾಡಿಸಲೇಬಾರದು; ಹೆದರಿಕೆಗೂ ಚಳಿಗೂ ಪ್ರಾಣ ಹೋದೀತು. ಬಾಲದ ಕೆಳಗೆ ಹೊಲಸು ಅಂಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿರಿ, ಇಲ್ಲವಾದರೆ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತವೆ. ನಮ್ಮ ಬೇಸಗೆಯಲ್ಲಿ ಪಂಜರವನ್ನು ತಗಡಿನ ಕೆಳಗಿಡದೆ ತಂಪಾದ ನೆರಳಿನಲ್ಲಿರಿಸಿ, ಮಣ್ಣಿನ ಬೋಗುಣಿಯಲ್ಲಿ ಸದಾ ನೀರಿಡಿರಿ.

ಮಕ್ಕಳೆ, ಮೊಲವು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಅಸಹ್ಯಪಡಬೇಡಿರಿ. ದನ ಮೆಲುಕು ಹಾಕಿದಂತೆ, ಮೇವಿನ ಸಾರವನ್ನು ಎರಡನೆಯ ಸಲ ಪಡೆಯುವ ರೀತಿಯದು. ನೀವು ದಿನಾಲು ನೋಡಬೇಕಾದದ್ದು ಗಟ್ಟಿಯಾದ ದುಂಡು ಹಿಕ್ಕೆಗಳನ್ನು. ಅವು ಸಣ್ಣವಾದರೆ, ಕೂದಲಿನಿಂದ ಸರದಂತೆ ಪೋಣಿಸಿಕೊಂಡು ಬಂದರೆ, ಎಚ್ಚರಿಕೆ. ಹಿಕ್ಕೆ ನಿಂತು, ಮೇವು ಬಿಟ್ಟು, ಮೊಲವು ಮೂಲೆ ಹಿಡಿದು ಕುಳಿತರೆ ನಾಳೆ ನೋಡೋಣವೆನ್ನಬಾರದು. ಅರ್ಧ ದಿನದ ಉಪವಾಸವೂ ಅದಕ್ಕೆ ಪ್ರಾಣಾಂತಿಕವಾಗಬಹುದು. ಪಾಲಕರು ಶಾಲೆಯನ್ನಾಗಲಿ ಕೆಲಸವನ್ನಾಗಲಿ ನೋಡದೆ ಮಗುವಿನೊಡನೆ ಅದನ್ನು ಪಶುವೈದ್ಯರಲ್ಲಿಗೆ ಒಯ್ಯಬೇಕು. ಅಂದಿನ ಗೈರುಹಾಜರಿಯನ್ನು ನಾವು ಮನ್ನಿಸುತ್ತೇವೆ. ಒಯ್ಯುವಾಗ ಕಿವಿ ಹಿಡಿದೆತ್ತದೆ, ಹಿಂಗಾಲುಗಳಿಗೆ ಕೈಯಾಸರೆ ಕೊಟ್ಟು, ಹುಲ್ಲು ಹಾಸಿದ ಬುಟ್ಟಿಯಲ್ಲಿ ಕೂರಿಸಿಕೊಳ್ಳಿರಿ.