ಬೂಟಿನಲ್ಲಿ ಬಂದ ಹುಲ್ಲು



ಪುಣೆಯಲ್ಲಿರುವ ನಮ್ಮ ಕೇಳುಗರಿಗೆ ಮೊದಲು ಒಂದು ಪ್ರಶ್ನೆ. ಹೊಲದ ಬದು, ಖಾಲಿ ಸೈಟು, ರೈಲು ಹಳಿಯ ಪಕ್ಕ, ಎಲ್ಲೆಂದರಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಗಿಡ ನಿಮಗೆ ಗೊತ್ತು. ನೀವಿರುವ ಕಡೆ ಅದನ್ನು ಗಾಜರ ಗವತ ಅನ್ನುತ್ತಾರೆ. ಈ ಪಾರ್ಥೇನಿಯಂ ನಮ್ಮ ದೇಶದಲ್ಲಿ ಹರಡುತ್ತಿದೆಯೆಂದು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದು ಎಲ್ಲಿ? ನಿಮ್ಮ ಪುಣೆಯಲ್ಲೇ, 1955ರಲ್ಲಿ. ಆಮದು ಗೋಧಿಯ ಮೂಟೆಯಲ್ಲಿ ಬೀಜ ಬಂತು ಎನ್ನುವುದು ವಾಡಿಕೆಯ ಮಾತು. ಮುಂದಿನ ಕಥೆ ನಮ್ಮ ರೈತರಿಗೆ, ಉಬ್ಬಸದವರಿಗೆ ಚೆನ್ನಾಗಿ ಗೊತ್ತು.

ಇಂಥದೇ ಕಥೆ ಹಿಮದ ನಾಡಾದ ಅಂಟಾರ್ಕ್ಟಿಕದಲ್ಲಿ ಈಗ ನಡೆಯುತ್ತಿದೆ ಎಂದರೆ ನಂಬುತ್ತೀರಾ?

ಆ ಇಡೀ ಖಂಡದಲ್ಲಿ ತಾನಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಎಷ್ಟು ಗೊತ್ತೇ? ಎರಡೇ ಎರಡು. ಒಂದು ಕೂದಲೆಳೆಯಂಥ ಹುಲ್ಲು, ಡೆಶಾಂಪ್ಸಿಯ. ಇನ್ನೊಂದು ನೆಲಕ್ಕೆ ಕವಿದು ಮೆತ್ತೆಯಂತೆ ಬೆಳೆಯುವ ಪುಟ್ಟ ಗಿಡ, ಕೊಲೊಬ್ಯಾಂಥಸ್. ಹೂಗುಚ್ಛದಲ್ಲಿ ಕಾಣುವ ಕಾರ್ನೇಷನ್ನಿನ ದೂರದ ನೆಂಟ ಇದು. ಉಳಿದದ್ದೆಲ್ಲ ಪಾಚಿ, ಕಲ್ಲುಹೂವು. ಈ ಎರಡು ಗಿಡಗಳಿರುವುದೂ ದಕ್ಷಿಣ ಅಮೆರಿಕದ ಕಡೆಗೆ ಚಾಚಿಕೊಂಡ ಪರ್ಯಾಯ ದ್ವೀಪದಲ್ಲಿ, ಅದರ ಸುತ್ತಲಿನ ದ್ವೀಪಗಳಲ್ಲಿ. ವರ್ಷದ ಬಹುಕಾಲ ಹಿಮದಡಿ ಮಲಗಿ, ಸಿಕ್ಕಷ್ಟು ಬೇಸಿಗೆಯಲ್ಲಿ ಹೂಬಿಟ್ಟು, ಕಾಯಿ ಕಟ್ಟಿ ಬದುಕುತ್ತವೆ. ಅವಸರವೆಂಬುದು ಅವಕ್ಕೆ ಗೊತ್ತಿಲ್ಲ. ಪೈಪೋಟಿಗೆ ಯಾರೂ ಇರಲಿಲ್ಲವಲ್ಲ!

ಈಗ ಪೈಪೋಟಿಗೆ ಬಂದಿದೆ ಪೋವಾ ಆನ್ಯುವಾ ಎಂಬ ಹುಲ್ಲು. ಮೂಲ ಯೂರೋಪಿನ ಕಡೆಯದು. ಇಂದು ಲೋಕದ ತಂಪು ನಾಡುಗಳಲ್ಲೆಲ್ಲ ಪಾರ್ಕು, ಗಾಲ್ಫ್ ಮೈದಾನ, ರಸ್ತೆ ಬದಿಯ ಕಳೆ. ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋಲೆಂಡ್ ದೇಶದವರು 1977ರಲ್ಲಿ ಆರ್ಕ್ಟೋವ್‌ಸ್ಕಿ ಎಂಬ ಸಂಶೋಧನಾ ಕೇಂದ್ರ ತೆರೆದರು. 1985-86ರ ಬೇಸಿಗೆಯಲ್ಲಿ ಆ ಕೇಂದ್ರದ ಕಟ್ಟಡಗಳ ಬಳಿ ಈ ಹುಲ್ಲು ಕಾಣಿಸಿಕೊಂಡಿತು. ಮನುಷ್ಯರ ಬೂಟು, ಬಟ್ಟೆ, ಸಾಮಾನುಗಳ ಜೊತೆಯಲ್ಲದೆ ಅದಕ್ಕೆ ಬೇರೆ ದಾರಿ ಇರಲಿಲ್ಲ. ಮೊದಮೊದಲು ಅಂಗಳದಲ್ಲೇ ಇತ್ತು. ಆಮೇಲೆ ನೀರ್ಗಲ್ಲು ಕರಗಿ ಹಿಂದೆ ಸರಿದ ಹೊಸ ನೆಲಕ್ಕೂ ಕಾಲಿಟ್ಟಿತು.

ಇದರ ಬಲವೇನು? ತನ್ನ ಪರಾಗದಿಂದ ತಾನೇ ಬೀಜ ಕಟ್ಟಬಲ್ಲದು, ಜೊತೆಗಾರ ಬೇಡ. ಉದುರಿದ ಬೀಜ ಮಣ್ಣಿನಲ್ಲಿ ಕಾದು ಕೂತಿರುತ್ತದೆ. ಸ್ವಲ್ಪ ಬಿಸಿ ಸಿಕ್ಕರೆ ಸಾಕು, ಚಿಗುರುತ್ತದೆ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದನ್ನು ಆ ಎರಡು ಗಿಡಗಳ ಜೊತೆ ಬೆಳೆಸಿ ನೋಡಿದರು. ಸ್ಥಳೀಯ ಗಿಡಗಳ ಬೆಳವಣಿಗೆ ಕುಗ್ಗಿತು, ಬಿಸಿಲಿನಿಂದ ಆಹಾರ ತಯಾರಿಸುವ ಶಕ್ತಿಯೂ ಇಳಿಯಿತು.

ಇನ್ನು ಆ ಬಿಸಿಯ ಮಾತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪರ್ಯಾಯ ದ್ವೀಪದ ಉಷ್ಣಾಂಶ ಸುಮಾರು 3 ಡಿಗ್ರಿ ಏರಿತು. 2020ರ ಫೆಬ್ರವರಿ 6ರಂದು ಅಲ್ಲಿಯ ಎಸ್ಪೆರಾನ್ಸಾ ಕೇಂದ್ರದಲ್ಲಿ 18.3 ಡಿಗ್ರಿ ದಾಖಲಾಯಿತು. ದೆಹಲಿಯ ನಮ್ಮ ಕೇಳುಗರು ಜನವರಿಯಲ್ಲಿ ಇದಕ್ಕಿಂತ ಹೆಚ್ಚು ನಡುಗುತ್ತಾರೆ! ಉಪಗ್ರಹ ಚಿತ್ರಗಳ ಲೆಕ್ಕದ ಪ್ರಕಾರ, 1986ರಲ್ಲಿ ಅಲ್ಲಿ ಹಸಿರು ಹೊದ್ದ ಜಾಗ ಒಂದು ಚದರ ಕಿಲೋಮೀಟರಿಗಿಂತ ಕಡಿಮೆ ಇತ್ತು. 2021ರಲ್ಲಿ ಅದು ಸುಮಾರು 12 ಚದರ ಕಿಲೋಮೀಟರ್. ಅದರಲ್ಲಿ ಬಹುಪಾಲು ಪಾಚಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಿಸಿ ಏರಿದ್ದರಿಂದ ಆ ಎರಡು ಗಿಡಗಳಿಗೂ ಸದ್ಯಕ್ಕೆ ಸುಗ್ಗಿಯೇ. ಸಿಗ್ನಿ ದ್ವೀಪದಲ್ಲಿ 2009ರಿಂದ 2018ರವರೆಗೆ ಅವು ಹಿಂದಿನ ಐವತ್ತು ವರ್ಷಕ್ಕಿಂತ ವೇಗವಾಗಿ ಹರಡಿವೆ. ಆದರೆ ಬಾಗಿಲು ತೆರೆದದ್ದು ಅವಕ್ಕೊಂದೇ ಅಲ್ಲ. ಅದೇ ಬಾಗಿಲಿನಿಂದ ಅವುಗಳಿಗಿಂತ ಚುರುಕಾದ ಕಳೆಯೂ ಒಳಗೆ ಬರಬಹುದು. ತಳಮಳ ಇರುವುದು ಇಲ್ಲಿಯೇ.

ಬೀಜ ಹೊತ್ತು ತರುವವರು ಯಾರು? 2007-08ರ ಬೇಸಿಗೆಯಲ್ಲಿ ವಿಜ್ಞಾನಿಗಳು ಅಂಟಾರ್ಕ್ಟಿಕಕ್ಕೆ ಹೊರಟವರ ಜೇಬು, ಚೀಲ, ಬೂಟುಗಳಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ನೋಡಿದರು. ಸರಾಸರಿ ತಲೆಗೆ 9ಕ್ಕಿಂತ ಹೆಚ್ಚು ಬೀಜ! ಆ ಒಂದೇ ಋತುವಿನಲ್ಲಿ ಒಟ್ಟು 70,000ದಷ್ಟು ಬೀಜ ಹೋಗಿರಬಹುದೆಂದು ಅಂದಾಜು ಮಾಡಿದರು. ಪ್ರವಾಸಿಗರಿಗಿಂತ ವಿಜ್ಞಾನಿಗಳೇ ತಲಾ ಹೆಚ್ಚು ಬೀಜ ಹೊತ್ತಿದ್ದರು ಎಂಬುದು ನಗು ಬರಿಸುವ ಸತ್ಯ. 2023-24ರಲ್ಲಿ ಅಲ್ಲಿಗೆ ಹೋದ ಪ್ರವಾಸಿಗರು ಒಂದು ಲಕ್ಷಕ್ಕೂ ಮಿಕ್ಕಿ.

ಊರು ಬಿಟ್ಟು ಬಂದು ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ನಮಗೆ ‘ಹೊರಗಿನದು’ ಎಂಬ ಮಾತು ಕಿವಿಗೆ ಹಿತವಲ್ಲ. ಆದರೆ ಮನುಷ್ಯನ ಲೆಕ್ಕವೇ ಬೇರೆ. ಬಂದ ಊರಿನ ನುಡಿ ಕಲಿಯುತ್ತಾನೆ, ನೆರೆಯವರ ಮದುವೆಗೆ ಹೋಗುತ್ತಾನೆ, ಕೊಟ್ಟು ಕೊಳ್ಳುತ್ತಾನೆ. ಹುಲ್ಲಿಗೆ ಆ ವಿವೇಕವಿಲ್ಲ, ಅದರ ತಪ್ಪೂ ಇಲ್ಲ. ಹುಟ್ಟೂರು ಯಾವುದೆಂಬುದು ಇಲ್ಲಿಯ ಪ್ರಶ್ನೆಯಲ್ಲ. ಪಕ್ಕದ ಗಿಡಕ್ಕೆ ಜಾಗ ಉಳಿಯಿತೇ ಎಂಬುದಷ್ಟೇ ಪ್ರಶ್ನೆ. ಆ ಎರಡು ಗಿಡಗಳು ಗಂಟುಮೂಟೆ ಕಟ್ಟಿ ಇನ್ನೂ ದಕ್ಷಿಣಕ್ಕೆ ಹೋಗೋಣವೆಂದರೆ ಅಲ್ಲಿರುವುದು ಬರೀ ಮಂಜು.

ಹಾಗಾದರೆ ದಾರಿಯಿಲ್ಲವೇ? ಇದೆ. 1991ರ ಮ್ಯಾಡ್ರಿಡ್ ಒಡಂಬಡಿಕೆ ಪ್ರಕಾರ ಅನುಮತಿಯಿಲ್ಲದೆ ಹೊರಗಿನ ಸಸ್ಯ, ಪ್ರಾಣಿಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ. ಅಲ್ಲಿ ಮೈತ್ರಿ, ಭಾರತಿ ಎಂಬ ಕೇಂದ್ರಗಳನ್ನು ನಡೆಸುವ ನಮ್ಮ ದೇಶವೂ 2022ರಲ್ಲಿ ಇದಕ್ಕಾಗಿ ಕಾಯಿದೆ ಮಾಡಿತು. ಆರ್ಕ್ಟೋವ್‌ಸ್ಕಿಯಲ್ಲಿ 2014-15ರಿಂದ ಹುಲ್ಲನ್ನು ಬುಡಸಮೇತ ಕೀಳುವ ಕೆಲಸ ಶುರುವಾಯಿತು. ಕಿತ್ತರೂ ಮಣ್ಣಿನಲ್ಲಿ ಉಳಿದ ಬೀಜ ಮತ್ತೆ ಮೊಳೆಯುತ್ತದೆ. ಮೂವತ್ತು ವರ್ಷ ಸುಮ್ಮನಿದ್ದುದರ ಬೆಲೆ ಅದು.

ನಮ್ಮಲ್ಲಿ ಅಂಟಾರ್ಕ್ಟಿಕಕ್ಕೆ ಹೋಗುವವರು ಎಷ್ಟು ಮಂದಿ? ಆದರೆ ರಜೆ ಬಂತೆಂದರೆ ಸಹ್ಯಾದ್ರಿ, ನೀಲಗಿರಿ, ಹಿಮಾಲಯ ಹತ್ತುವವರು ಮನೆಗೊಬ್ಬರಿದ್ದಾರೆ. ಹೊರಡುವ ಮುನ್ನ ಬೂಟಿನ ಅಡಿಯನ್ನೊಮ್ಮೆ ಉಜ್ಜಿ ತೊಳೆಯಿರಿ, ಕಾಲುಚೀಲಕ್ಕೆ ಅಂಟಿದ ಬೀಜಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ. ಐದು ನಿಮಿಷದ ಕೆಲಸ. ಪುಣೆಯಲ್ಲಿ ಆ ಮೊದಲ ಗಿಡಗಳನ್ನು ಯಾರಾದರೂ ಕಿತ್ತಿದ್ದರೆ ಎಂದು ನಾವು ಈಗ ಹಲುಬುತ್ತೇವಲ್ಲ, ಅಂಥ ಹಲುಬು ಇನ್ನೊಂದು ಬೆಟ್ಟದ ಪಾಲಿಗೆ ಬಾರದಿರಲಿ.